ಎದುರಿನವರ ಬಟ್ಟಲು ಮೊದಲು

ಹಾಂಗ್‌ಕಾಂಗಿನ ನಾರ್ತ್ ಪಾಯಿಂಟ್‌ನಲ್ಲಿ ಚುನ್ ಯೂಂಗ್ ರಸ್ತೆ ಅಂತ ಒಂದು ಸಂತೆಬೀದಿ ಇದೆ. ಬೀದಿಯ ನಟ್ಟನಡುವೆ ಟ್ರಾಮಿನ ಹಳಿ. ಹಳಿಯ ಎರಡೂ ಬದಿಗೆ ಸೊಪ್ಪು, ಮೀನು, ಹಣ್ಣಿನ ಅಂಗಡಿಗಳು; ಹಳಿಯ ಮೇಲೆ ಕೊಳ್ಳುವ ಜನ. ಟ್ರಾಮು ಡಿಂಗ್ ಡಿಂಗ್ ಅಂದರೆ ಯಾರೂ ಬೆಚ್ಚುವುದಿಲ್ಲ. ಕೈಚೀಲ ಎಳೆದುಕೊಂಡು ಎರಡು ಹೆಜ್ಜೆ ಸರಿಯುತ್ತಾರೆ, ಅದು ದಾಟಿದ ಮೇಲೆ ಮತ್ತೆ ಹಳಿಗೇ ಬಂದು ಸೊಪ್ಪಿನ ಕಟ್ಟು ಎತ್ತಿ ನೋಡುತ್ತಾರೆ. ಬೆಳಗಿನ ಹೊತ್ತು ಆ ಬೀದಿ ಹಾದು ನಾನು ಯಮ್ ಚಾಗೆ ಹೋಗುತ್ತೇನೆ.

ಹೊರಗಿನಿಂದ ಬಂದವರು ‘ಡಿಮ್ ಸಮ್ ತಿನ್ನೋಣ’ ಅನ್ನುತ್ತಾರೆ. ಕ್ಯಾಂಟನೀಸ್ ಆಡುವ ಇಲ್ಲಿಯವರ ಬಾಯಲ್ಲಿ ಅದು ಯಮ್ ಚಾ, ಅಂದರೆ ಚಹಾ ಕುಡಿಯುವುದು. ಚಹಾ ಮುಖ್ಯ, ತಿಂಡಿ ಅದರ ಜೊತೆಗೆ. ‘ಯಾತ್ ಚುಂಗ್ ಲ್ಯೂಂಗ್ ಗೀನ್’ ಎಂದು ಹಳಬರ ಮಾತು: ಒಂದು ಬಟ್ಟಲು ಚಹಾ, ಎರಡು ತುಂಡು ತಿಂಡಿ. 19ನೇ ಶತಮಾನದಲ್ಲಿ ಗುವಾಂಗ್‌ಝೌ ಊರಿನ ಕೂಲಿಯವರು ಎರಡು ಲಿ ಎಂಬ ಪುಡಿಗಾಸು ಕೊಟ್ಟು ಬೀದಿಬದಿಯ ಅಂಗಡಿಗಳಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಇವತ್ತಿನ ಜಗಮಗಿಸುವ ಹೋಟೆಲುಗಳ ಹಿರಿಯಜ್ಜ ಅಂಥ ಅಂಗಡಿಯೇ. ಡಿಮ್ ಸಮ್ ಅನ್ನುವ ಎರಡು ಅಕ್ಷರಗಳಲ್ಲಿ ಒಂದು ಚುಕ್ಕೆ ಅಥವಾ ಮುಟ್ಟುವುದು, ಇನ್ನೊಂದು ಹೃದಯ. ಬೆಳಿಗ್ಗೆ ದಾರಿಯಲ್ಲಿ ಸಿಕ್ಕವರನ್ನು ‘ಚಹಾ ಕುಡಿದಾಯ್ತಾ?’ ಎಂದು ಮಾತಾಡಿಸುವುದು ಈ ಜನರ ಹಳೇ ರೂಢಿ. ನಮ್ಮಲ್ಲಿ ‘ಕಾಫಿ ಆಯ್ತಾ’ ಅಂದ ಹಾಗೆ. ಆ ಪ್ರಶ್ನೆಯನ್ನು ಮೊದಲ ಸಲ ಕೇಳಿಸಿಕೊಂಡ ದಿನ ನನಗೆ ಈ ಊರು ಅರ್ಧ ಹತ್ತಿರವಾಗಿತ್ತು.

ಹೋದ ವರ್ಷ ಅಮ್ಮ ತೀರ್ಥಹಳ್ಳಿಯಿಂದ ಬಂದಳು. ಮೀನು-ಮಾಂಸ ಬೇಯುವ ಹೋಟೆಲಿನಲ್ಲಿ ಅವಳು ಎಂದೂ ಕೂತವಳಲ್ಲ. ಕರೆಯಲು ನನಗೆ ಹಿಂಜರಿಕೆ. ಬಂದ ಎರಡನೇ ವಾರ ಅವಳೇ ಕೇಳಿದಳು, “ದಿನಾ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀಯೋ?” ಹೇಳಿದೆ. “ಇವತ್ತು ಅಮಾವಾಸ್ಯೆ, ಹೊಸ ಜಾಗಕ್ಕೆ ಇವತ್ತೇ ಯಾಕೆ?” ಅಂದಳು. ಅಂದವಳೇ ಶಾಲು ಹೊದ್ದು ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ನಿಂತಿದ್ದಳು.

ಆ ಹೋಟೆಲು ಮೊದಲನೇ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಾಗಲೇ ಸದ್ದು: ಪಿಂಗಾಣಿ ಬಟ್ಟಲುಗಳದ್ದು, ಕುರ್ಚಿ ಎಳೆಯುವುದು, ಮುದುಕರು ಎದುರು-ಬದುರು ಕೂತು ಗಟ್ಟಿಯಾಗಿ ಮಾತಾಡುವುದು. ಏಳು ಗಂಟೆಗೇ ಜಾಗವಿಲ್ಲ. ಬರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಪೇಪರು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಂದು ಗಂಟೆಗಟ್ಟಲೆ ಕೂರುತ್ತಾರೆ. ಖಾಲಿ ಮೇಜಿಗಾಗಿ ಕಾಯುವ ಪದ್ಧತಿ ಇಲ್ಲ. ಖಾಲಿ ಕುರ್ಚಿ ಕಂಡರೆ ಆಯಿತು, ಅಪರಿಚಿತರ ಮೇಜಿಗೆ ಹೋಗಿ ಕೂರಬಹುದು. ಅದಕ್ಕೆ ‘ದಾಪ್ ತೊಯ್’ ಎಂದೇ ಹೆಸರು. ನಾವು ಒಬ್ಬ ಅಜ್ಜಿಯ ಎದುರು ಕೂತೆವು. ಇಲ್ಲಿ ವಯಸ್ಸಾದ ಹೆಂಗಸನ್ನು ‘ಪೊ ಪೊ’ ಅನ್ನುತ್ತಾರೆ. ನಾನು ಹಾಗೆಂದು ಕರೆದು ‘ಚೋ ಸಾನ್’ ಎಂದು ಬೆಳಗಿನ ನಮಸ್ಕಾರ ಹೇಳಿದೆ, ಅವರು ತಲೆಯಾಡಿಸಿ ತಮ್ಮ ಪೇಪರನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು ನಮಗೆ ಜಾಗ ಮಾಡಿದರು.

ಬಿಸಿ ಚಹಾದಿಂದ ಬಟ್ಟಲು, ಚಮಚ, ಕಡ್ಡಿಗಳನ್ನೆಲ್ಲ ಒಂದು ಸಲ ತೊಳೆದು ಆ ನೀರನ್ನು ದೊಡ್ಡ ಬೋಗುಣಿಗೆ ಚೆಲ್ಲುವುದು ಇಲ್ಲಿನ ಮೊದಲ ಕೆಲಸ. ಅಜ್ಜಿ ತಮ್ಮದನ್ನು ತೊಳೆಯುವುದನ್ನು ಅಮ್ಮ ಕಣ್ಣಿಟ್ಟು ನೋಡಿದಳು. ಊಟಕ್ಕೆ ಮುಂಚೆ ಬಾಳೆಲೆಗೆ ನೀರು ಚಿಮುಕಿಸಿ ಒರೆಸುವವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅವಳ ಭುಜಗಳು ಆಗ ಕೊಂಚ ಸಡಿಲವಾದದ್ದು ನನಗೆ ಕಂಡಿತು.

ಬಾಗಿಲ ಪಕ್ಕದಲ್ಲಿ ಗಾಜಿನ ಹಿಂದೆ ಚ್ಯೂಂಗ್ ಫನ್ ಮಾಡುತ್ತಿದ್ದರು. ಅಗಲವಾದ ಉಗಿಪಾತ್ರೆಯ ಮೇಲೆ ಒದ್ದೆ ಬಟ್ಟೆ ಹಾಸಿ, ನೀರಾಗಿ ಕಲಸಿದ ಅಕ್ಕಿಹಿಟ್ಟನ್ನು ಒಂದು ಸೌಟು ಸುರಿದು ತೆಳ್ಳಗೆ ಹರಡಿ ಮುಚ್ಚುತ್ತಾರೆ. ಒಂದೆರಡು ನಿಮಿಷ. ಮುಚ್ಚಳ ತೆಗೆದಾಗ ಹಿಟ್ಟು ಹೊಳೆಯುವ ಹಾಳೆಯಾಗಿರುತ್ತದೆ. ಬಟ್ಟೆಯನ್ನು ಹಾಗೇ ಎತ್ತಿ ಹಲಗೆಯ ಮೇಲೆ ಬೋರಲು ಹಾಕಿ, ಹಾಳೆಯನ್ನು ಕೆರೆದು ಬಿಡಿಸಿ ಸುರುಳಿ ಸುತ್ತಿ ಕತ್ತರಿಸುತ್ತಾರೆ. ಸಾಮಾನ್ಯವಾಗಿ ಒಳಗೆ ಸೀಗಡಿಯೋ ಮಾಂಸವೋ ಇರುತ್ತದೆ. ಏನೂ ತುಂಬದ ಬರಿದಾದದ್ದನ್ನು ‘ಜಾಯ್ ಚ್ಯೂಂಗ್’ ಅನ್ನುತ್ತಾರೆ; ನಾನು ಅಲ್ಲಿ ತಿನ್ನುವ ಎರಡು ಮೂರು ಬಗೆಯಲ್ಲಿ ಅದೊಂದು. ಬಟ್ಟೆ ಹಾಸಿ ಇಡ್ಲಿ ಬೇಯಿಸಿದ ಅಮ್ಮ ಆ ಗಾಜಿನ ಮುಂದೆ ಸುಮ್ಮನೆ ನಿಂತಿದ್ದಳು. “ಹುಳಿ ಬರಿಸಿಲ್ಲ. ವಾಸನೆಯಲ್ಲೇ ಗೊತ್ತಾಗತ್ತೆ” ಅಂದಳು. ಹೌದು, ಇಲ್ಲಿ ಹಿಟ್ಟನ್ನು ಹುದುಗಲು ಬಿಡುವುದಿಲ್ಲ.

ನಮ್ಮ ಚಹಾ ಬರುವುದು ತಡವಾಯಿತು. ಆಗ ಆ ಅಜ್ಜಿ ತಮ್ಮ ಪಾಟು ಎತ್ತಿದರು. ಬೋ ಲೇ, ಯುನ್ನಾನ್ ಪ್ರಾಂತದ ಕಪ್ಪನೆ, ಮಣ್ಣಿನ ಘಮದ ಚಹಾ. ಮೊದಲು ಅಮ್ಮನ ಬಟ್ಟಲಿಗೆ, ಆಮೇಲೆ ನನ್ನದಕ್ಕೆ, ಕೊನೆಗೆ ತಮ್ಮದಕ್ಕೆ. ಈ ಮೇಜುಗಳಲ್ಲಿ ಯಾರೂ ತಮ್ಮ ಬಟ್ಟಲನ್ನು ಮೊದಲು ತುಂಬಿಸಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಪಾಟೂ ಬಂತು. ಅಮ್ಮ ಎರಡೂ ಕೈಯಲ್ಲಿ ಅದನ್ನು ಹಿಡಿದು ಅಜ್ಜಿಯ ಬಟ್ಟಲಿಗೆ ಬಗ್ಗಿಸಿದಳು. ಅಜ್ಜಿ ಮೇಜಿನ ಮೇಲೆ ಎರಡು ಬೆರಳು ಮಡಿಸಿ ಟಕ್ ಟಕ್ ಎಂದು ತಟ್ಟಿದರು. ಅಮ್ಮ ಥಟ್ಟನೆ ನಿಲ್ಲಿಸಿದಳು. ಬಟ್ಟಲು ಅರ್ಧ ತುಂಬಿತ್ತು ಅಷ್ಟೆ. ಅಜ್ಜಿ ನಕ್ಕು ಬಟ್ಟಲನ್ನು ಇನ್ನೂ ಹತ್ತಿರ ಸರಿಸಿದರು. ಅಮ್ಮ ಮತ್ತೆ ಬಗ್ಗಿಸಿದಳು. ಅವರು ಮತ್ತೆ ತಟ್ಟಿದರು. ಇವಳು ಮತ್ತೆ ನಿಲ್ಲಿಸಿದಳು.

“ಸಾಕು ಅಂತಿದಾರಲ್ಲೋ” ಅಂದಳು ನನ್ನ ಕಡೆ ತಿರುಗಿ. ಎಲೆಗೆ ಕೈ ಅಡ್ಡ ಹಿಡಿದರೆ ಸಾಕು ಎಂದು ತಿಳಿಯುವ ಕಣ್ಣು ಅವಳದು. ಅದು ಸಾಕು ಅಂತಲ್ಲ, ಉಪಕಾರವಾಯಿತು ಅಂತ, ಎಂದು ನಾನು ಹೇಳಿದೆ. ಚಿಯಾನ್‌ಲೋಂಗ್ ಎಂಬ 18ನೇ ಶತಮಾನದ ಚಕ್ರವರ್ತಿ ವೇಷ ಮರೆಸಿಕೊಂಡು ತಿರುಗುತ್ತಿದ್ದಾಗ ತನ್ನ ಸೇವಕನ ಬಟ್ಟಲಿಗೆ ತಾನೇ ಚಹಾ ಹಾಕಿದನಂತೆ. ಸಾಷ್ಟಾಂಗ ಬಿದ್ದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಸೇವಕ ಬೆರಳುಗಳನ್ನು ಮಡಿಸಿ ಮೇಜಿಗೆ ಮುಟ್ಟಿಸಿದನಂತೆ. ದಂತಕಥೆ ಇರಬಹುದು. ಆದರೆ ಆ ಬೆರಳುಗಳು ಮಾಡುವ ಕೆಲಸ ನನಗೆ ಬಹಳ ಇಷ್ಟ. ಮಾತಿನ ನಡುವೆ ಯಾರೋ ಬಟ್ಟಲು ತುಂಬುತ್ತಾರೆ, ಬೆರಳು ತಟ್ಟುತ್ತದೆ, ಮಾತು ತುಂಡಾಗುವುದಿಲ್ಲ, ಉಪಕಾರವೂ ಮರೆತುಹೋಗುವುದಿಲ್ಲ. ಚಹಾ ಮುಗಿದರೆ ಪಾಟಿನ ಮುಚ್ಚಳ ಓರೆಯಾಗಿಟ್ಟರೆ ಸಾಕು. ಬಿಸಿನೀರಿನವರು ಕರೆಯದೆಯೇ ಬಂದು ತುಂಬಿ ಹೋಗುತ್ತಾರೆ.

ಅಮ್ಮ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಿದ್ದಳು. ಕುಡಿಯುತ್ತಿರಲಿಲ್ಲ. ನನಗೆ ನಮ್ಮ ಮನೆಯ ಊಟದ ಪಡಸಾಲೆ ನೆನಪಾಯಿತು. ಮೊದಲ ಪಂಕ್ತಿ, ಎರಡನೇ ಪಂಕ್ತಿ, ಕೊನೆಗೆ ಬಡಿಸಿದವರು. ಯಾರ ಎಲೆಯಲ್ಲಿ ಸಾರು ಕಮ್ಮಿಯಾಯಿತು, ಯಾರಿಗೆ ಮಜ್ಜಿಗೆ ಬೇಕು ಎಂದು ಐವತ್ತು ವರ್ಷ ನೋಡಿದ ಕಣ್ಣುಗಳಿವು. ಅವಳ ಎಲೆಯನ್ನು ಯಾರು ನೋಡಿದರು? ನಾನು ನೋಡಲಿಲ್ಲ. ಊಟ ಮುಗಿಸಿ ಕೈತೊಳೆದು ಹೊರಗೆ ಓಡುತ್ತಿದ್ದೆ. ಅವಳು ಕೂತಾಗ ಪಲ್ಯ ಉಳಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಾವಿರಾರು ಮೈಲಿ ದೂರದ ಊರಿನಲ್ಲಿ, ಭಾಷೆ ಬಾರದ ಒಬ್ಬರು ಅವಳ ಬಟ್ಟಲನ್ನು ಎಲ್ಲರಿಗಿಂತ ಮೊದಲು ತುಂಬಿದ್ದರು.

ಹಿಂದೆ ಇಂಥ ಹೋಟೆಲುಗಳಲ್ಲಿ ಬಿದಿರಿನ ಬುಟ್ಟಿಗಳನ್ನು ಗಾಡಿಯಲ್ಲಿ ಪೇರಿಸಿಕೊಂಡು, ತಿಂಡಿಯ ಹೆಸರು ಕೂಗುತ್ತಾ ಹೆಂಗಸರು ಬರುತ್ತಿದ್ದರು. ಈಗ ಬಹುಪಾಲು ಕಡೆ ಚೀಟಿಯಲ್ಲಿ ಗುರುತು ಹಾಕಿಕೊಡಬೇಕು. 1889ರಲ್ಲಿ ಗುವಾಂಗ್‌ಝೌನಲ್ಲಿ ಶುರುವಾದ ಲಿನ್ ಹ್ಯೂಂಗ್ ಎಂಬ ಹೆಸರಿನದೇ ಚಹಾಮನೆ ಇಲ್ಲಿನ ವೆಲ್ಲಿಂಗ್ಟನ್ ರಸ್ತೆಯಲ್ಲಿತ್ತು; ಅಲ್ಲಿ ಗಾಡಿಗೆ ಮುಗಿಬೀಳುವ ಜನರ ಗುಂಪಿನಲ್ಲಿ ನಾನೂ ನಿಂತವನು. 2022ರಲ್ಲಿ ಅದು ಬಾಗಿಲು ಹಾಕಿದಾಗ ನೆಂಟರ ಮನೆಯೊಂದು ಮಾರಿಹೋದಷ್ಟು ಸಂಕಟವಾಗಿತ್ತು. ನಮ್ಮ ಹೋಟೆಲಿನಲ್ಲೂ ಗಾಡಿ ಇಲ್ಲ. ಕಾಗದದ ಚೀಟಿಯೇ.

ಅಜ್ಜಿ ತರಿಸಿಕೊಂಡದ್ದೂ ಬರಿದಾದ ಚ್ಯೂಂಗ್ ಫನ್, ಜೊತೆಗೆ ಅಣಬೆ ಮತ್ತು ಸೋಯಾ ಹಾಳೆಯ ಪಲ್ಯದಂಥದ್ದು. ಉಳಿದ ದಿನ ಸೀಗಡಿಯ ಹಾ ಗಾವ್ ತಿನ್ನುವುದನ್ನು ನಾನು ಕಂಡಿದ್ದೆ. ನನ್ನ ಹರಕು ಕ್ಯಾಂಟನೀಸಿನಲ್ಲಿ ಕೇಳಿದೆ. “ಗಮ್ ಯಾತ್ ಚೋ ಯಾತ್” ಅಂದರು ಅವರು: ಇವತ್ತು ತಿಂಗಳ ಮೊದಲ ದಿನ. ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೆಯ ದಿನ ಅನೇಕ ಮನೆಗಳಲ್ಲಿ ಹಿರಿಯರು ಮಾಂಸ ಮುಟ್ಟುವುದಿಲ್ಲ. ಅದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ ಒಂದು ಕ್ಷಣ ಲೆಕ್ಕ ಹಾಕಿದಳು.

“ಅಂದ್ರೆ ಅಮಾವಾಸ್ಯೆ ಮತ್ತೆ ಹುಣ್ಣಿಮೆ!”

ಹೌದು. ನಮಗೆ ತಿಂಗಳು ಮುಗಿಯುವ ದಿನ, ಅವರಿಗೆ ಶುರುವಾಗುವ ದಿನ. ಚಂದ್ರ ಒಬ್ಬನೇ. ಅಮ್ಮ ಅಜ್ಜಿಯ ಕಡೆ ನೋಡಿ ಕೈಯಿಂದ ಆಕಾಶ ತೋರಿಸಿ, ಬೆರಳುಗಳಲ್ಲಿ ಒಂದು ಸಣ್ಣ ಗೆರೆಯೂ ಇಲ್ಲದ ಚಂದ್ರನನ್ನು ಹೇಗೆ ತೋರಿಸುವುದೆಂದು ತಿಳಿಯದೆ ಕೈ ಹಾಗೇ ನಿಲ್ಲಿಸಿದಳು. ಅಜ್ಜಿಗೆ ಏನು ಅರ್ಥವಾಯಿತೋ, ತಮ್ಮ ಬುಟ್ಟಿಯನ್ನು ಅವಳ ಕಡೆಗೆ ತಳ್ಳಿದರು.

ಮನೆಗೆ ಬಂದ ಮೇಲೆ ಅಮ್ಮ ಊರಿಂದ ತಂದಿದ್ದ ಪಂಚಾಂಗ ತೆಗೆದು ಹುಣ್ಣಿಮೆ ಯಾವ ವಾರ ಬರುತ್ತದೆಂದು ನೋಡಿ, ಆ ಹಾಳೆಯ ಮೂಲೆ ಮಡಿಸಿಟ್ಟಳು. ಅವತ್ತು ನಾನು ಏಳುವ ಹೊತ್ತಿಗೆ ಅವಳು ಸ್ನಾನ ಮುಗಿಸಿ, ಇಳಕಲ್ ಸೀರೆ ಉಟ್ಟು, ಒಂದು ಸಣ್ಣ ಡಬ್ಬಿಯಲ್ಲಿ ಎಳ್ಳುಂಡೆ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು. ಕೆಳಗೆ ಬೀದಿಯಲ್ಲಿ ಟ್ರಾಮು ಡಿಂಗ್ ಡಿಂಗ್ ಅಂದಿತು.