ಜನಪದ ಸತ್ಯವೂ ಪರದೇಶದ ವ್ಯವಹಾರವೂ

ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಸುಳ್ಳಾಡಬಾರದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆಡುವವನ ನಾಡಿನಲ್ಲಿ ಸುಳ್ಳೆನಿಸದ ಮಾತು ಕೇಳುವವನ ನಾಡಿನಲ್ಲಿ ಸುಳ್ಳಾಗಿ ಪರಿಣಮಿಸಿದರೆ ದೋಷ ಯಾರದು? ಹಿಂದೆ ಈ ಪ್ರಶ್ನೆ ದೇಶಾಂತರ ವ್ಯಾಪಾರಕ್ಕೆ ಹೋಗುತ್ತಿದ್ದ ಕೆಲವೇ ಶ್ರೇಷ್ಠಿಗಳಿಗೆ ಎದುರಾಗುತ್ತಿತ್ತು. ಇಂದು ಅದು ಸಾಮಾನ್ಯ ಗೃಹಸ್ಥರ ಮನೆಯೊಳಕ್ಕೂ ಬಂದಿದೆ.

ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಕಾಲದಲ್ಲಿ ಆ ಸೀಮೆಯ ಅನೇಕರಿಗೆ ಉದ್ಯೋಗ ತುಂಗಭದ್ರೆಯ ದಡದಲ್ಲಿಯೇ ದೊರೆಯುತ್ತಿತ್ತು. ಆ ಕಾರ್ಖಾನೆ ಈಗಿಲ್ಲ. ನಂದಿಗುಡಿಯಂತಹ ಹಳ್ಳಿಯಲ್ಲಿ ಹುಟ್ಟಿ ದಾವಣಗೆರೆಯಲ್ಲಿ ಓದಿದ ತರುಣನು ಬೆಂಗಳೂರಿನಲ್ಲಿ ಕುಳಿತೇ ಜರ್ಮನಿಯವರೊಡನೆ, ಜಪಾನಿನವರೊಡನೆ ಪ್ರತಿದಿನ ವ್ಯವಹರಿಸುತ್ತಾನೆ. 'ಶುಕ್ರವಾರದೊಳಗೆ ಈ ಕೆಲಸ ಮುಗಿಯುವುದೇ?' ಎಂದು ಅತ್ತಲಿಂದ ಕೇಳುತ್ತಾರೆ. ಮುಗಿಯದೆಂದು ಬಲ್ಲ ಅವನು 'ನೋಡೋಣ, ಪ್ರಯತ್ನಿಸುತ್ತೇನೆ' ಎನ್ನುತ್ತಾನೆ.

ಊರಿನಲ್ಲಾದರೆ ಈ 'ನೋಡೋಣ' ಎಂಬುದು ಸೌಜನ್ಯದ ನಿರಾಕರಣೆ. ಸಾಲ ಕೇಳಲು ಬಂದವನಿಗೆ ಹಿರಿಯರು ಹಾಗೆಂದರೆ ಅವನು ಅರ್ಥಮಾಡಿಕೊಂಡು ಮಾನ ಉಳಿಸಿಕೊಂಡು ಎದ್ದುಹೋಗುತ್ತಾನೆ. ಆ ಹಿರಿಯರನ್ನು ಸುಳ್ಳುಗಾರರೆಂದು ಯಾರೂ ಹಳಿಯುವುದಿಲ್ಲ. ನುಡಿ ಹಿತವೂ ಮಿತವೂ ಪ್ರಿಯವೂ ಆಗಿರಬೇಕೆಂಬ ಉಪದೇಶದಲ್ಲಿ ಬೆಳೆದವರಿಗೆ ಮುಖ ಮುರಿದಂತೆ 'ಆಗದು' ಎನ್ನುವುದೇ ಹಿಂಸೆಯಾಗಿ ತೋರುತ್ತದೆ. ಆದರೆ ದೂರದಲ್ಲಿ ಕುಳಿತು ಕೇಳಿದವನು ಅದನ್ನು ಒಪ್ಪಿಗೆಯೆಂದು ಬರೆದುಕೊಂಡಿದ್ದಾನೆ, ಅದನ್ನು ನಂಬಿ ಬೇರೊಬ್ಬರಿಗೆ ಮಾತು ಕೊಟ್ಟಿದ್ದಾನೆ. ಶುಕ್ರವಾರ ಬಂದಾಗ ಅವನ ಪಾಲಿಗೆ ಅದು ವಚನಭಂಗ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 'ಗೊಮ್ಮಟಸಾರ'ದ ಜೀವಕಾಂಡದಲ್ಲಿ ಸತ್ಯವಚನವನ್ನು ಹತ್ತು ಬಗೆಯಾಗಿ ವಿಂಗಡಿಸುವಾಗ ಮೊದಲು ಹೇಳುವುದು ಜನಪದ ಸತ್ಯವನ್ನು. ಆಯಾ ದೇಶದ ಜನರಲ್ಲಿ ಯಾವ ಪದ ಯಾವ ಅರ್ಥದಲ್ಲಿ ರೂಢವಾಗಿದೆಯೋ ಆ ಅರ್ಥದಲ್ಲಿ ಅದು ಸತ್ಯ. ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿಯೇ ವೃತ್ತಿ ರಚಿಸಿದನೆಂಬುದು ಕನ್ನಡಿಗರ ಹೆಮ್ಮೆ. ವ್ಯಾಖ್ಯಾನಪರಂಪರೆಯು ಇಲ್ಲಿ ಕೊಡುವ ದೃಷ್ಟಾಂತ ಅನ್ನದ್ದು: ಕರ್ಣಾಟ ದೇಶದಲ್ಲಿ ಅದು ಕೂಳು, ದ್ರವಿಡದಲ್ಲಿ ಚೋರು. ಅಂದು ಸಹಜವಾಗಿದ್ದ 'ಕೂಳು' ಎಂಬ ಮಾತನ್ನು ಇಂದು ಅತಿಥಿಯ ಮುಂದೆ ಆಡಿದರೆ ಅವನು ಎಲೆ ಬಿಟ್ಟು ಏಳುವನು! ದೇಶದಂತೆ ಕಾಲವೂ ಪದದ ಸತ್ಯವನ್ನು ಬದಲಿಸುತ್ತದೆ.

ಹಾಗಾದರೆ 'ನೋಡೋಣ' ಎಂದ ತರುಣನು ತಪ್ಪಿತಸ್ಥನೇ? ಪ್ರಮತ್ತಯೋಗವೇ ದೋಷದ ಮೂಲವೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಬೋಧಿಸುತ್ತದೆ. ಕೇಳುವವನ ರೂಢಿ ತಿಳಿಯದೆ ಒಮ್ಮೆ ಆಡಿದ ಮಾತು ಅಜ್ಞಾನದ್ದು. ತಿಳಿದ ಮೇಲೂ ಅದೇ ಮಾತಿನ ಮರೆಯಲ್ಲಿ ಅಡಗಿದರೆ ಅದು ಪ್ರಮಾದ. 'ನಮ್ಮ ಕಡೆ ಹೀಗೆಯೇ' ಎಂಬ ಸಮರ್ಥನೆ ಆಗ ನಿಲ್ಲದು.

ಈ ಹೊಣೆ ಎರಡೂ ಕಡೆಯದು. ಜಪಾನಿನವರು ನಡುನಡುವೆ 'ಹಾಯ್' ಎನ್ನುವುದು ಎಷ್ಟೋ ವೇಳೆ 'ಕೇಳುತ್ತಿದ್ದೇನೆ' ಎಂಬುದಕ್ಕೆ ಮಾತ್ರ. ಅದನ್ನು ಸಮ್ಮತಿಯೆಂದು ಎಣಿಸಿ ಮೋಸಹೋದೆವೆನ್ನುವ ಭಾರತೀಯನೂ ಜನಪದ ಸತ್ಯವನ್ನು ಅರಿಯದವನೇ. ಜರ್ಮನಿಯ ಸಹೋದ್ಯೋಗಿ ಸಭೆಯಲ್ಲಿ 'ಇದು ತಪ್ಪು' ಎಂದರೆ ಸಾಮಾನ್ಯವಾಗಿ ಅದು ಎದುರಿಗಿರುವ ಕಾಗದವನ್ನು ಕುರಿತದ್ದು, ಬರೆದವನನ್ನು ಕುರಿತದ್ದಲ್ಲ. ಆದರೂ ಆ ದೇಶದವರೆಲ್ಲ ಹೀಗೆಯೇ ಎಂದು ಸಾಧಿಸಹೊರಟರೆ ಅದು ಶುದ್ಧ ಏಕಾಂತವಾದ. ಅನೇಕಾಂತವನ್ನು 'ಎಲ್ಲವೂ ಸರಿ' ಎಂಬ ಜಾಣತನವಾಗಿ ಬಳಸುವವರೂ ಸಮಾಜದಲ್ಲಿದ್ದಾರೆ. ಅವರ ವಿಚಾರ ಪ್ರತ್ಯೇಕ ಲೇಖನಕ್ಕೆ ಸಲ್ಲುವಂಥದು.

ಸ್ಪಷ್ಟವಾಗಿ ನಿರಾಕರಿಸಿಯೂ ನೋಯಿಸದಿರುವುದು ಸಾಧ್ಯವೇ? 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಶ್ವೇತಾಂಬರ ಆಚಾರ್ಯ ಆತ್ಮಾರಾಮಜಿಯವರಿಗೆ ಆಮಂತ್ರಣ ಬಂದಿತ್ತು. ಮುನಿಚರ್ಯೆಯಲ್ಲಿ ಸಮುದ್ರಯಾನಕ್ಕೆ ಅವಕಾಶವಿಲ್ಲ. ಅವರು ತಾವು ಬರಲಾಗದೆಂದು ತಿಳಿಸಿ, ಗೃಹಸ್ಥರಾದ ವೀರಚಂದ ಗಾಂಧಿಯವರನ್ನು ಪ್ರತಿನಿಧಿಯಾಗಿ ಸಿದ್ಧಗೊಳಿಸಿ ಕಳುಹಿಸಿದರು. ಕರೆದವರಿಗೆ ಸಂದಿಗ್ಧ ಉಳಿಯಲಿಲ್ಲ, ವ್ರತಕ್ಕೂ ಭಂಗ ಬರಲಿಲ್ಲ. 'ಶುಕ್ರವಾರ ಆಗದು, ಮುಂದಿನ ಬುಧವಾರ ಕೊಡುವೆ' ಎಂಬ ಉತ್ತರವೂ ಇದೇ ಜಾತಿಯದು.

ಆಹಾರದ ವಿಷಯದಲ್ಲಿ ಈ ಸ್ಪಷ್ಟತೆ ಇನ್ನೂ ಅಗತ್ಯ. ರಾತ್ರಿಭೋಜನ ತ್ಯಾಗ ಮಾಡಿದವನು ಡಿಸೆಂಬರಿನ ಬರ್ಲಿನ್ನಿನಲ್ಲಿ ಮಧ್ಯಾಹ್ನ ನಾಲ್ಕರೊಳಗೇ ಸೂರ್ಯಾಸ್ತವನ್ನು ಕಾಣುತ್ತಾನೆ. ಜೂನ್ ತಿಂಗಳಿನಲ್ಲಿ ರಾತ್ರಿ ಒಂಬತ್ತಾದರೂ ಅಲ್ಲಿ ಬೆಳಕಿರುತ್ತದೆ. ಬೇಸಿಗೆಯಲ್ಲಿ ಸಂಜೆ ಏಳಕ್ಕೆ ತಮ್ಮೊಡನೆ ಉಂಡವನು ಚಳಿಗಾಲದಲ್ಲಿ ಅದೇ ಹೊತ್ತಿಗೆ ತಟ್ಟೆ ಮುಟ್ಟದಿದ್ದರೆ ಆತಿಥೇಯರು ಏನೆಂದು ತಿಳಿಯಬೇಕು? ಸಂಕೋಚದಿಂದ 'ಹಸಿವಿಲ್ಲ' ಎಂದುಬಿಡುವುದು ಸುಲಭ, ಆದರೆ ಅದು ಸುಳ್ಳು. ಗಡ್ಡೆಗೆಣಸು, ಈರುಳ್ಳಿ ವರ್ಜ್ಯವೆಂಬುದನ್ನೂ ಸೂರ್ಯಾಸ್ತದ ನಿಯಮವನ್ನೂ ಆಮಂತ್ರಣ ಬಂದ ದಿನವೇ ಎರಡು ಮಾತಿನಲ್ಲಿ ತಿಳಿಸಿದರೆ, ಅಡುಗೆ ಮಾಡುವವರಿಗೆ ಸಿದ್ಧತೆಗೆ ಸಮಯ ದೊರೆಯುತ್ತದೆ.