ಅನರ್ಥದಂಡವ್ರತ ಮತ್ತು ನಗರಜೀವನ

ವಿಜಯದಶಮಿಯು ಗೆಲುವಿನ ಹಬ್ಬ. ಕನ್ನಡ ನಾಡಿನ ಶ್ರವಣಬೆಳಗೊಳದಲ್ಲಾದರೋ, ಗೆದ್ದುದನ್ನು ಗೆದ್ದ ಕ್ಷಣದಲ್ಲಿಯೇ ಬಿಟ್ಟುಕೊಟ್ಟ ವೀರನೊಬ್ಬನು ಸಾವಿರ ವರ್ಷಗಳಿಂದ ನಿಂತಿರುವನು. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ಕಡೆಯಿಸಿದ, ಸುಮಾರು 58 ಅಡಿ ಎತ್ತರದ ಆ ಗೊಮ್ಮಟಮೂರ್ತಿಯ ಕಾಲ ಬಳಿ ಹುತ್ತಗಳಿವೆ. ಹುತ್ತಗಳಿಂದ ಸರ್ಪಗಳು ಹೊರಟಿವೆ. ತೊಡೆತೋಳುಗಳನ್ನು ಬಳ್ಳಿಗಳು ಸುತ್ತಿವೆ. ಚಕ್ರವರ್ತಿಯಾದ ಅಣ್ಣನನ್ನೇ ಸೋಲಿಸಿದ ಬಾಹುಬಲಿಯು ಮೈಗೆ ಹಬ್ಬಿದ ಬಳ್ಳಿಯನ್ನು ಕಿತ್ತೊಗೆಯಲಿಲ್ಲ. ಬಲವಿದ್ದೂ ನೋಯಿಸದಿರುವುದೇ ಜೈನಧರ್ಮವು ಕಂಡ ವಿಜಯ.

ಆದರೆ ಬಾಹುಬಲಿಯು ತಪಸ್ವಿ. ಸಂಸಾರವಂತನು ಹಾಗೆ ನಿಲ್ಲಲಾರನು. ಅವನು ಒಲೆ ಹೊತ್ತಿಸಬೇಕು, ನೀರು ಬಳಸಬೇಕು, ಮನೆ ಕಟ್ಟಬೇಕು. ಮಣ್ಣು, ನೀರು, ಬೆಂಕಿ, ಗಾಳಿ, ಸಸ್ಯ ಇವೆಲ್ಲವುಗಳಲ್ಲಿಯೂ ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವಗಳಿವೆಯೆಂದು ಜೈನಶಾಸ್ತ್ರವು ಹೇಳುತ್ತದೆ. ಅಂದಮೇಲೆ ಹಿಂಸೆಯಿಲ್ಲದೆ ಬದುಕುವುದೆಂತು?

ಈ ಪ್ರಶ್ನೆಗೆ ಶಾಸ್ತ್ರಕಾರರು ಬೆನ್ನು ತಿರುಗಿಸಲಿಲ್ಲ. ಅವರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು. ಅಡಿಗೆ, ಮನೆವಾರ್ತೆಗಳಲ್ಲಿ ಆಗುವುದು ಆರಂಭೀ. ಬೇಸಾಯ, ವೃತ್ತಿಗಳಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಗಾಗಿ ಆಗುವುದು ವಿರೋಧೀ. ಬೇಕೆಂದೇ ಕೊಲ್ಲುವುದು ಸಂಕಲ್ಪೀ. ಗೃಹಸ್ಥನು ಕೊನೆಯದನ್ನು ತ್ಯಜಿಸಬೇಕು. ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಬೇಕು. ಇಷ್ಟಕ್ಕೇ ನಿಲ್ಲದೆ ‘ಅನರ್ಥದಂಡವ್ರತ’ವನ್ನೂ ವಿಧಿಸಿದರು. ಅನರ್ಥವೆಂದರೆ ಇಲ್ಲಿ ಪ್ರಯೋಜನವಿಲ್ಲದ್ದು. ನಿಷ್ಕಾರಣವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡವನ್ನು ಕತ್ತರಿಸುವುದು ‘ಪ್ರಮಾದಚರ್ಯೆ’ಯೆಂಬ ದೋಷ. ಅಲ್ಲಿ ದ್ವೇಷವಿಲ್ಲ, ನಿಜ. ಆದರೆ ಅವಶ್ಯಕತೆಯೂ ಇಲ್ಲ, ಎಚ್ಚರವೂ ಇಲ್ಲ.

ಮಹಾನಗರದ ಗೃಹಸ್ಥನು ಬೇಕೆಂದು ಇರುವೆಯನ್ನೂ ಕೊಲ್ಲಲಾರನು. ಆದರೆ ಅವನ ಮನೆಯ ಕೊಳಾಯಿ ಸೋರುತ್ತಿರುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಕೇಳಿದರೆ, “ಬಿಲ್ಲು ಕಟ್ಟುತ್ತೇವಲ್ಲ!” ಎನ್ನುತ್ತಾನೆ. ಹಣ ಕೊಟ್ಟ ಮಾತ್ರಕ್ಕೆ ವ್ಯರ್ಥ ಮಾಡುವ ಹಕ್ಕು ಬರುವುದೇ? 2019ರಲ್ಲಿ ಚೆನ್ನೈಗೆ ನೀರುಣಿಸುವ ಜಲಾಶಯಗಳು ಬತ್ತಿದಾಗ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರನ್ನು ತರಬೇಕಾಯಿತು. ಹಣವು ನೀರನ್ನು ತರಿಸಬಲ್ಲುದು, ಹುಟ್ಟಿಸಲಾರದು. ಒಬ್ಬನು ಚೆಲ್ಲಿದ ನೀರು ಇನ್ನೊಬ್ಬರ ಕೊಡದಲ್ಲಿ ಕೊರತೆಯಾಗಿ ಕಾಣಿಸಿಕೊಳ್ಳುತ್ತದೆ. ಈ ಲೆಕ್ಕವು ಯಾವ ಬಿಲ್ಲಿನಲ್ಲಿಯೂ ಬರುವುದಿಲ್ಲ.

ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವುದು ಜೈನ ಶ್ರಾವಕರ ಪದ್ಧತಿ. ಕೇವಲ ತನ್ನ ಆರೋಗ್ಯಕ್ಕಾಗಿ ಸೋಸುವವನಾದರೆ ಆ ಬಟ್ಟೆಯನ್ನು ಬಚ್ಚಲಿನಲ್ಲಿ ಜಾಡಿಸಿಬಿಡುತ್ತಿದ್ದನು. ಮುನಿಗಳ ಕಮಂಡಲುವಿನಲ್ಲಿ ತುಂಬುವ ಬಾಯಿ ದೊಡ್ಡದು, ಸುರಿಯುವ ಮೂತಿ ಚಿಕ್ಕದು. ಅವರು ಪಾಲಿಸುವ ಐದು ಸಮಿತಿಗಳಲ್ಲಿ ಉತ್ಸರ್ಗಸಮಿತಿಯೂ ಒಂದು: ಶರೀರದ ಮಲವನ್ನು ಸಹ ಜೀವಿಗಳಿಗೆ ಬಾಧೆಯಾಗದ ಸ್ಥಳವನ್ನು ನೋಡಿಯೇ ವಿಸರ್ಜಿಸಬೇಕು. ಬಿಸಾಡುವುದಕ್ಕೂ ಒಂದು ಧರ್ಮವುಂಟೆಂಬುದು ಇದರ ತಾತ್ಪರ್ಯ. ನಗರದಲ್ಲಿ ಎಂಜಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಬೀದಿಗೆ ಎಸೆಯುತ್ತಾರೆ. ಹಸುವು ಅದನ್ನು ಚೀಲಸಹಿತ ನುಂಗುತ್ತದೆ. ಗೋಪೂಜೆ ಮಾಡಿದ ಕೈಯೇ ಆ ಗಂಟನ್ನೂ ಕಟ್ಟಿರಬಹುದು.

ಒಬ್ಬನು ಒಂದು ಚೊಂಬು ನೀರನ್ನು ಉಳಿಸಿದರೆ ನಗರದ ಬಾಯಾರಿಕೆ ತೀರೀತೇ ಎಂದು ಕೇಳುವವರುಂಟು. ತೀರದು. ಆದರೆ ಸತ್ಯವನ್ನು ನುಡಿಯುವವನು ಲೋಕದ ಸುಳ್ಳೆಲ್ಲ ಮುಗಿಯಲೆಂದು ಕಾಯುವುದಿಲ್ಲ. ಅಲ್ಲದೆ ವ್ರತವು ಒಬ್ಬನಲ್ಲಿಯೇ ಉಳಿಯುವುದೂ ಇಲ್ಲ. ತಂದೆ ಕೊಳಾಯಿಯನ್ನು ನಿಲ್ಲಿಸುವುದನ್ನು ಮಗು ನೋಡುತ್ತದೆ, ನೆರೆಯವರು ನೋಡುತ್ತಾರೆ. ಪರಸ್ಪರೋಪಕಾರವೇ ಜೀವಿಗಳ ಧರ್ಮವೆಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಸಾರುತ್ತದೆ. ಗೋಡೆಗೆ ಗೋಡೆ ತಾಗಿರುವ ನಗರದ ವಸತಿಗಳಲ್ಲಿ ಈ ಮಾತಿನ ಸತ್ಯವು ದಿನದಿನವೂ ಅನುಭವಕ್ಕೆ ಬರುತ್ತದೆ.

ಈ ಹಬ್ಬದಲ್ಲಿ ಗೆಲ್ಲಬೇಕಾದ ಶತ್ರುವು ಹೊರಗಿಲ್ಲ; ‘ಏನಾದೀತು’ ಎಂಬ ಅಲಕ್ಷ್ಯವೇ ಆ ಶತ್ರು. ಹಬ್ಬದ ಊಟದಲ್ಲಿ ಬೇಕಾದಷ್ಟನ್ನೇ ಬಡಿಸಿಕೊಂಡು, ಎಲೆಯಲ್ಲಿ ಅಗುಳೂ ಉಳಿಯದಂತೆ ಉಂಡೆದ್ದವನು ಅಂದಿನ ಮಟ್ಟಿಗೆ ಒಂದು ವ್ರತವನ್ನು ಪಾಲಿಸಿದಂತೆಯೇ ಸರಿ.