ಸರದಿಯ ನ್ಯಾಯ

ಷೇರುಪೇಟೆಗಳೆಲ್ಲ ಒಂದೇ ಎಂದು ದೂರದಿಂದ ನೋಡುವವರಿಗೆ ಅನ್ನಿಸಬಹುದು. ಆದರೆ ನ್ಯಾಯವೆಂದರೇನು ಎಂಬ ಪ್ರಶ್ನೆಗೆ ಒಂದೊಂದು ಪೇಟೆಯ ಉತ್ತರ ಒಂದೊಂದು ಬಗೆ.

1875ರಲ್ಲಿ ಹುಟ್ಟಿದ ಮುಂಬಯಿ ಷೇರುಪೇಟೆಯಲ್ಲಿ 1995ರವರೆಗೂ ದಲ್ಲಾಳಿಗಳು ಎದುರುಬದುರು ನಿಂತು, ಕೂಗಿ ವ್ಯಾಪಾರ ಮಾಡುತ್ತಿದ್ದರು. ಅಲ್ಲಿ ಮುಖಪರಿಚಯಕ್ಕೆ ಬೆಲೆ. ಹೊರಗೆ ಕಾದ ಗಿರಾಕಿಗೆ ನಿಜವಾದ ದರ ತಿಳಿಯುವುದೇ ಕಷ್ಟ. 1994ರಲ್ಲಿ ಷೇರು ವಹಿವಾಟು ಆರಂಭಿಸಿದ ರಾಷ್ಟ್ರೀಯ ಷೇರುಪೇಟೆ ಕಂಪ್ಯೂಟರ್ ಪರದೆಯನ್ನು ನೆಚ್ಚಿತು. ಒಳ್ಳೆಯ ದರ ಹೇಳಿದವನಿಗೆ ಆದ್ಯತೆ. ದರ ಒಂದೇ ಆದರೆ ಮೊದಲು ಬಂದವನಿಗೆ. ಮುಖ ನೋಡಿ ಮಣೆ ಹಾಕುವ ಕಾಲ ಮುಗಿಯಿತೆನ್ನಿಸಿತು.

ಆದರೆ ಮೊದಲು ಬರುವ ಅನುಕೂಲ ಎಲ್ಲರಿಗೂ ಎಲ್ಲಿದೆ? ಮುಂದೆ ಪೇಟೆಗಳೇ ತಮ್ಮ ಯಂತ್ರದ ಪಕ್ಕದಲ್ಲಿ ದಲ್ಲಾಳಿಗಳ ಯಂತ್ರಕ್ಕೆ ಜಾಗವನ್ನು ಬಾಡಿಗೆಗೆ ಕೊಟ್ಟವು. ಹಣವಿದ್ದವನು ಹತ್ತಿರದವನಾದ. ಅಮೆರಿಕದ ಐಇಎಕ್ಸ್ ಪೇಟೆ ಇದಕ್ಕೊಂದು ಉಪಾಯ ಹೂಡಿತು: 38 ಮೈಲಿ ಉದ್ದದ ಆಪ್ಟಿಕಲ್ ಫೈಬರ್ ತಂತಿಯನ್ನು ಸುರುಳಿ ಸುತ್ತಿಟ್ಟು, ಒಳಬರುವ ಆರ್ಡರುಗಳು ಅದನ್ನು ಹಾದೇ ಬರಲೆಂದಿತು. ಹತ್ತಿರದವನೂ ಅಷ್ಟು ದೂರ ನಡೆಯಲೇಬೇಕು.

ನಿಯಮ ಒಂದೇ ಆದರೆ ನ್ಯಾಯ ಪೂರ್ತಿಯಾಯಿತೆಂದು ನಾವು ನಂಬುತ್ತೇವೆ. ಸಾಲು ನೆಟ್ಟಗಿದ್ದರೆ ಸಾಲದು; ಅದರ ತಲೆಯಲ್ಲೇ ಮನೆ ಮಾಡಿಕೊಂಡವರು ಯಾರೆಂದೂ ಕೇಳಬೇಕು.